ಸಾಲದ ದಾವೆಯ ಸಮನ್ಸ್ ಬಂದರೆ: ಕಾಸರಗೋಡಿನ ಕನ್ನಡಿಗರಿಗೆ ಕೋರ್ಟ್ ಹಾಜರಿಯ ಮಾರ್ಗದರ್ಶಿ

ಸಮನ್ಸ್ ಕೈಗೆ ಬಂದ ಕೂಡಲೇ ಜನ ಕೇಳುವುದು ಎರಡು ಮಾತು. "ಕೋರ್ಟಿಗೆ ಹೋದರೆ ಸಾಲ ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ?" "ಹೋಗದೆ ಇದ್ದರೆ ಏನಾಗುತ್ತದೆ?" ಮಂಜೇಶ್ವರ, ಪೈವಳಿಕೆ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಿಂದ ಇವೇ ಪ್ರಶ್ನೆಗಳು ಬರುತ್ತಲೇ ಇವೆ. ಹಾಗಾಗಿ ಒಮ್ಮೆ ವಿವರವಾಗಿ ಬರೆಯುತ್ತಿದ್ದೇವೆ.

ಹೋದರೆ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಹೋಗದಿದ್ದರೆ ಎದುರು ಪಕ್ಷದವರು ಬರೆದ ಅಸಲು, ಬಡ್ಡಿ, ಖರ್ಚಿನ ಲೆಕ್ಕವನ್ನು ಪ್ರಶ್ನಿಸುವವರೇ ಇರುವುದಿಲ್ಲ. ಅದೇ ಮೊತ್ತಕ್ಕೆ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ಅಂತಿಮ ಆದೇಶ, ಆಗುತ್ತದೆ. ಸಾಲ ನಿಜವಾಗಿ ಇರುವವರೂ ಕೋರ್ಟಿಗೆ ಹೋಗಲೇಬೇಕು ಎನ್ನುವುದು ಇದಕ್ಕೇ. ಎರಡು ಲಕ್ಷ ಕೊಡಲಿಕ್ಕಿರುವವರ ಮೇಲೆ ನಾಲ್ಕು ಲಕ್ಷದ ಡಿಕ್ರಿ ಬೀಳುವುದು ಹೆಚ್ಚಾಗಿ ಗೈರುಹಾಜರಿಯಿಂದಲೇ.

1. ಕಾಗದ ಎಲ್ಲಿಂದ ಬಂದಿದೆ ಎಂದು ಮೊದಲು ನೋಡಿ

ಸಾಲದ ವಿಷಯದಲ್ಲಿ ಬರುವ ಎಲ್ಲ ಕಾಗದವೂ ಸಿವಿಲ್ ಕೋರ್ಟಿನದಲ್ಲ. ಪ್ರತಿಯೊಂದಕ್ಕೂ ಹೋಗಬೇಕಾದ ಜಾಗ ಬೇರೆ, ಗಡುವು ಬೇರೆ.

ವಕೀಲರ ನೋಟಿಸ್: ಇದು ದಾವೆಯಲ್ಲ, ದಾವೆಗೆ ಮುಂಚಿನ ಎಚ್ಚರಿಕೆ. ಆದರೂ ಉತ್ತರ ಕೊಡದೆ ಬಿಡಬೇಡಿ. ಚೆಕ್ ಬೌನ್ಸ್ ನೋಟಿಸ್ ಆಗಿದ್ದರೆ ಅದು ಕೈಗೆ ಸಿಕ್ಕಿದ 15 ದಿನದೊಳಗೆ ಹಣ ಕೊಟ್ಟರೆ ಕ್ರಿಮಿನಲ್ ಕೇಸಿಗೆ ಆಸ್ಪದ ಇರುವುದಿಲ್ಲ.

ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್: ಕೇಸು ನಂಬರಿನ ಮೊದಲು ಎಸ್.ಟಿ. ಅಥವಾ ಸಿ.ಸಿ. ಎಂದಿದ್ದರೆ ಅದು ಚೆಕ್ ಕೇಸು, ಅಂದರೆ ಕ್ರಿಮಿನಲ್ ಸ್ವರೂಪದ್ದು. ಜಾಮೀನು ಪಡೆಯಬೇಕಾಗುತ್ತದೆ, ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ. ಒಂದೇ ಸಾಲಕ್ಕೆ ಚೆಕ್ ಕೇಸನ್ನೂ ಸಿವಿಲ್ ದಾವೆಯನ್ನೂ ಒಟ್ಟೊಟ್ಟಿಗೆ ಹಾಕಬಹುದು. ಒಂದಕ್ಕೆ ಹೋದರೆ ಇನ್ನೊಂದಕ್ಕೆ ಹೋದ ಹಾಗೆ ಆಗುವುದಿಲ್ಲ.

ಸಹಕಾರಿ ಬ್ಯಾಂಕಿನ ಸಾಲ: ಇದು ಕೋರ್ಟಿನ ಬದಲು ಕೇರಳ ಸಹಕಾರಿ ಸಂಘಗಳ ಕಾಯ್ದೆ 1969ರ ಪ್ರಕಾರ ಸಹಕಾರ ಇಲಾಖೆಯ ಆರ್ಬಿಟ್ರೇಷನ್‌ಗೆ, ಎಂದರೆ ಮಧ್ಯಸ್ಥರ ವಿಚಾರಣೆಗೆ ಹೋಗುತ್ತದೆ. ನಂಬರು ಎ.ಆರ್.ಸಿ. ಎಂದಿರುತ್ತದೆ. ಅಲ್ಲಿ ಆದೇಶವಾದರೆ ಜಪ್ತಿಗೆ ಬರುವವರು ಸೇಲ್ ಆಫೀಸರ್.

ತಹಶೀಲ್ದಾರರ ಆರ್.ಆರ್. ನೋಟಿಸ್: ಕೇರಳ ರೆವೆನ್ಯೂ ರಿಕವರಿ ಕಾಯ್ದೆ 1968ರ ಕ್ರಮ. ಕೇರಳ ಸರಕಾರದ ಹಣಕಾಸು ಸಂಸ್ಥೆಯಾದ ಕೆ.ಎಸ್.ಎಫ್.ಇ.ಯ ಚಿಟ್ಟಿಯ ಬಾಕಿಗೆ ಹೆಚ್ಚಾಗಿ ಇದೇ ಬರುತ್ತದೆ. ತಾಲೂಕು ಕಚೇರಿಗೆ ಹೋಗಿ ವಿಚಾರಿಸಿ.

ಬ್ಯಾಂಕಿನ 13(2) ನೋಟಿಸ್: ಮನೆ ಅಥವಾ ಜಾಗ ಅಡವು ಇಟ್ಟ ಸಾಲಕ್ಕೆ ಸರ್ಫೇಸಿ ಕಾಯ್ದೆಯ ಕ್ರಮ. ಬಾಕಿ ಕಟ್ಟಲು 60 ದಿನದ ಗಡುವು. ಅದರ ನಂತರ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಎರ್ನಾಕುಲಂನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಊರಿನ ಮುನ್ಸಿಫ್ ಕೋರ್ಟಿನಲ್ಲಿ ಇದಕ್ಕೆ ಪರಿಹಾರವಿಲ್ಲ.

ನಂಬರು ಒ.ಎಸ್. ಎಂದಿದ್ದರೆ ಅದು ಸಿವಿಲ್ ದಾವೆ. ಇಲ್ಲಿಂದ ಮುಂದೆ ಬರೆದಿರುವುದೆಲ್ಲ ಅದರ ಬಗ್ಗೆ. ಕೇರಳದಲ್ಲಿ 10 ಲಕ್ಷದವರೆಗಿನ ದಾವೆ ಮುನ್ಸಿಫ್ ಕೋರ್ಟಿನಲ್ಲಿ, ಅದಕ್ಕೆ ಮೇಲಿನದು ಸಬ್ ಕೋರ್ಟಿನಲ್ಲಿ. ಮಂಜೇಶ್ವರ ಮತ್ತು ಕಾಸರಗೋಡು ಕಡೆಯವರಿಗೆ ವಿದ್ಯಾನಗರದ ಕೋರ್ಟ್ ಸಂಕೀರ್ಣ, ಹೊಸದುರ್ಗ ಕಡೆಯವರಿಗೆ ಕಾಞಂಗಾಡಿನ ಕೋರ್ಟು.

ವಾಟ್ಸಾಪಿನಲ್ಲಿ ಬಂದ 'ಕೋರ್ಟ್ ಆರ್ಡರ್' ನೋಡಿ ಹೆದರಿ ಹಣ ಹಾಕಬೇಡಿ. ನಿಜವಾದ ದಾವೆಗೆ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಕೇಸಿನ ವಿವರ, ಮುಂದಿನ ವಾಯಿದೆ (ಕೇಸು ಕರೆಯುವ ದಿನ) ಎಲ್ಲ ಕಾಣುತ್ತದೆ. ಸಂಖ್ಯೆ ಇಲ್ಲದಿದ್ದರೆ ನಿಮ್ಮ ಹೆಸರು ಹಾಕಿಯೂ ಹುಡುಕಬಹುದು.

2. ಸಮನ್ಸ್ ತೆಗೆದುಕೊಳ್ಳಿ, ದಿನಾಂಕ ಬರೆದಿಡಿ

ಸಮನ್ಸ್ ತರುವ ಅಮೀನರನ್ನು ಕಂಡು ಹಿತ್ತಲ ಬಾಗಿಲಿಂದ ಹೊರಗೆ ಹೋಗುವುದರಿಂದ, ರಿಜಿಸ್ಟರ್ಡ್ ಅಂಚೆ ಬೇಡವೆಂದು ಹಿಂದೆ ಕಳಿಸುವುದರಿಂದ ಏನೂ ಸಿಗುವುದಿಲ್ಲ. ನಿರಾಕರಿಸಿದರೆ ಜಾರಿಯಾಗಿದೆ ಎಂದೇ ಕೋರ್ಟು ಪರಿಗಣಿಸುತ್ತದೆ. ನೀವು ಇಲ್ಲದಾಗ ಮನೆಯ ವಯಸ್ಕರ ಕೈಗೆ ಕೊಡಬಹುದು, ಬಾಗಿಲಿಗೆ ಅಂಟಿಸಬಹುದು, ಪತ್ರಿಕೆಯಲ್ಲಿ ಪ್ರಕಟಿಸಬಹುದು. ಗಲ್ಫಿನಲ್ಲಿ ಇರುವವರ ಮನೆಯವರು ಇದನ್ನು ಗಮನದಲ್ಲಿಡಬೇಕು. ಮನೆಗೆ ಬಂದ ಕಾಗದದ ಎಲ್ಲ ಪುಟಗಳ ಫೋಟೋ ಅದೇ ದಿನ ಅವರಿಗೆ ಕಳಿಸಿ.

ಲಕೋಟೆಯನ್ನು ಎಸೆಯಬೇಡಿ. ಸಿಕ್ಕಿದ ದಿನವನ್ನು ಅದರ ಮೇಲೆಯೇ ಬರೆಯಿರಿ, ಏಕೆಂದರೆ ಗಡುವು ಎಣಿಸುವುದು ಆ ದಿನದಿಂದ. ಸಮನ್ಸಿನ ಜೊತೆ ದಾವಾಪತ್ರದ ಪ್ರತಿ ಇರಲೇಬೇಕು. ಇಲ್ಲದಿದ್ದರೆ ಮೊದಲ ವಾಯಿದೆಯಲ್ಲಿಯೇ ಪ್ರತಿ ಕೊಡಿಸಲು ಕೇಳಿ.

ಕಾಗದ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ ಇರುತ್ತದೆ. ಮಲಯಾಳ ಪ್ರತಿ ಸಿಕ್ಕಿದವರು ಕೆಲವು ಪದ ನೋಡಿ ಗಾಬರಿಯಾಗುತ್ತಾರೆ. ಅಲ್ಲಿ 'ಅನ್ಯಾಯಂ' ಎಂದರೆ ದಾವಾಪತ್ರ, 'ಅನ್ಯಾಯಕ್ಕಾರನ್' ಎಂದರೆ ವಾದಿ. 'ಪ್ರತಿ' ಎಂದರೆ ಪ್ರತಿವಾದಿ. ಸಿವಿಲ್ ದಾವೆಯಲ್ಲಿ ಅದು ಅಪರಾಧಿ ಎಂಬ ಅರ್ಥದಲ್ಲಿ ಬರುವುದಿಲ್ಲ. 'ಪತ್ರಿಕ' ನೀವು ಕೊಡಬೇಕಾದ ಉತ್ತರ. 'ಪಲಿಶ' ಬಡ್ಡಿ, 'ಮುದಲ್' ಅಸಲು. ಪಕ್ಕದ ಮನೆಯವರಿಂದ ಸಾರಾಂಶ ಓದಿಸಿಕೊಂಡರೆ ಸಾಲದು. ಕನ್ನಡ ಬಲ್ಲ ವಕೀಲರಿಂದ ಪ್ರತಿ ಪ್ಯಾರಾ ಓದಿಸಿ ಅರ್ಥ ಮಾಡಿಕೊಳ್ಳಿ. ಕಾಸರಗೋಡಿನಲ್ಲಿ ಅಂಥವರು ಧಾರಾಳ ಇದ್ದಾರೆ.

3. ಗಡುವು ಎಷ್ಟು ಎಂದು ಲೆಕ್ಕ ಹಾಕಿ

ಸಾಮಾನ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ 30 ದಿನದೊಳಗೆ ಪ್ರತಿವಾದ ಪತ್ರ, ಅಂದರೆ ದಾವೆಗೆ ನಿಮ್ಮ ಲಿಖಿತ ಉತ್ತರ, ಸಲ್ಲಿಸಬೇಕು. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಸಮಯ ಕೊಡಬಹುದು. ಅದನ್ನು ಮೀರಿದ ಮೇಲೂ ಅಪರೂಪಕ್ಕೆ ಅವಕಾಶ ಸಿಕ್ಕಿದ್ದುಂಟು, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ವಾಣಿಜ್ಯ ವ್ಯವಹಾರದ ದಾವೆಯಾದರೆ 120ನೇ ದಿನಕ್ಕೆ ಬಾಗಿಲು ಪೂರ್ತಿ ಮುಚ್ಚುತ್ತದೆ.

ಇನ್ನೊಂದು ಬಗೆಯ ದಾವೆ ಇದೆ, ಅದರ ಬಗ್ಗೆ ಬಹಳ ಜಾಗ್ರತೆ ಬೇಕು. ಪ್ರೋನೋಟು (ಹಣ ಕೊಡುತ್ತೇನೆಂದು ಬರೆದು ಸಹಿ ಮಾಡಿದ ಕಾಗದ), ಚೆಕ್ಕು ಅಥವಾ ಲಿಖಿತ ಕರಾರಿನ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಹಾಕುವ ದಾವೆಗೆ ಸಮರಿ ಸೂಟ್, ಎಂದರೆ ಸಂಕ್ಷಿಪ್ತ ವಿಚಾರಣೆಯ ದಾವೆ, ಎನ್ನುತ್ತಾರೆ. ಇದರಲ್ಲಿ ಹಾಜರಿ ದಾಖಲಿಸಲು ಇರುವುದು ಬರೇ 10 ದಿನ. ಆಮೇಲೆ ವಾದಿ ಇನ್ನೊಂದು ಸಮನ್ಸ್ ಕಳಿಸುತ್ತಾರೆ. ಅದು ಬಂದ 10 ದಿನದೊಳಗೆ, "ನನ್ನ ಬಳಿ ಗಟ್ಟಿ ಪ್ರತಿವಾದ ಇದೆ, ಎದುರಿಸಲು ಅನುಮತಿ ಕೊಡಿ" ಎಂದು ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಜೊತೆ ಅರ್ಜಿ ಹಾಕಬೇಕು. ಹಾಕದಿದ್ದರೆ ಸಾಕ್ಷಿ ವಿಚಾರಣೆಯೇ ಇಲ್ಲದೆ ಡಿಕ್ರಿ. ಹಾಗಾಗಿ ಸಮನ್ಸಿನಲ್ಲಿ 37 ಎಂಬ ಸಂಖ್ಯೆ, 10 ದಿನ ಎಂಬ ಮಾತು ಇದೆಯೇ ಎಂದು ಅದೇ ದಿನ ನೋಡಿ. ಸಮನ್ಸಿನ ಮೇಲಿರುವ ವಾಯಿದೆ ಇನ್ನೂ ದೂರ ಇದೆ ಎಂದುಕೊಂಡು ಈ 10 ದಿನ ಕಳೆದುಕೊಳ್ಳುವವರು ಬಹಳ.

ದಾವೆಯ ಜೊತೆ ಐ.ಎ. ನಂಬರಿನ, ಅಂದರೆ ಮಧ್ಯಂತರ ಆದೇಶ ಕೇಳುವ, ಅರ್ಜಿಯೂ ಇದೆಯೇ ನೋಡಿ. ನಮ್ಮ ಕಡೆ ಹಣದ ದಾವೆಯ ಬೆನ್ನಿಗೇ ತೀರ್ಪಿಗೆ ಮುಂಚಿನ ಜಪ್ತಿಯ ಅರ್ಜಿ ಹಾಕುವುದು ಸಾಮಾನ್ಯ. ಪ್ರತಿವಾದಿ ಡಿಕ್ರಿಯಿಂದ ತಪ್ಪಿಸಿಕೊಳ್ಳಲು ಆಸ್ತಿ ಪರಭಾರೆ ಮಾಡುತ್ತಿದ್ದಾರೆ ಎಂಬ ಕಾರಣ ಅದರಲ್ಲಿ ಇರುತ್ತದೆ. ಭದ್ರತೆ ಕೊಡಿ ಅಥವಾ ಕಾರಣ ತೋರಿಸಿ ಎಂದು ಕೋರ್ಟು ಕೇಳುತ್ತದೆ. ಮಾರುವ ಉದ್ದೇಶ ನಿಮಗಿಲ್ಲದಿದ್ದರೆ ಅದನ್ನು ಆಕ್ಷೇಪಣೆಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಇದರ ಗಡುವು ಪ್ರತಿವಾದ ಪತ್ರದ ಗಡುವಿಗಿಂತ ಮೊದಲೇ ಬರುತ್ತದೆ. ಕೃಷಿಕರ ಸ್ವಾಧೀನದಲ್ಲಿರುವ ಕೃಷಿ ಉತ್ಪನ್ನವನ್ನು ತೀರ್ಪಿಗೆ ಮುಂಚೆ ಜಪ್ತಿ ಮಾಡುವಂತಿಲ್ಲ. ಅಂಗಳದಲ್ಲಿ ಒಣಗುತ್ತಿರುವ ನಿಮ್ಮದೇ ತೋಟದ ಅಡಿಕೆಗೆ ಈ ರಕ್ಷಣೆ ಇದೆ.

4. ವಕೀಲರು, ಉಚಿತ ಕಾನೂನು ನೆರವು

ಸ್ವತಃ ವಾದಿಸಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೂ ಪ್ರತಿವಾದ ಪತ್ರ ಬರೆಯುವುದಕ್ಕಾದರೂ ವಕೀಲರು ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲ ಭೇಟಿಗೆ ಹೋಗುವಾಗ ಸಮನ್ಸ್, ದಾವಾಪತ್ರ, ಲಕೋಟೆ, ಬ್ಯಾಂಕ್ ಸ್ಟೇಟ್‌ಮೆಂಟ್, ರಶೀದಿಗಳು, ಹಿಂದೆ ಬಂದ ನೋಟಿಸ್ ಮತ್ತು ಅದಕ್ಕೆ ಕೊಟ್ಟ ಉತ್ತರ, ಗುರುತಿನ ಚೀಟಿ ಒಯ್ಯಿರಿ. ವಕಾಲತ್ತು, ಅಂದರೆ ನಿಮ್ಮ ಪರವಾಗಿ ಹಾಜರಾಗಲು ವಕೀಲರಿಗೆ ಕೊಡುವ ಅಧಿಕಾರ ಪತ್ರ, ಸಹಿ ಹಾಕುವ ಮೊದಲು ಅದರಲ್ಲಿ ಕೇಸಿನ ನಂಬರು, ಕೋರ್ಟಿನ ಹೆಸರು ತುಂಬಿದೆಯೇ ನೋಡಿ.

ಫೀಸಿಗೆ ಕಷ್ಟವಿದ್ದರೆ ವಿದ್ಯಾನಗರದ ಕೋರ್ಟ್ ಸಂಕೀರ್ಣದಲ್ಲಿಯೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

5. ನಿಮ್ಮದೇ ಲೆಕ್ಕ ಮಾಡಿ

ವಕೀಲರು ಎಷ್ಟೇ ನುರಿತವರಾದರೂ ಈ ಕೆಲಸ ನಿಮ್ಮದೇ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಎಳೆಯಿರಿ: ದಿನಾಂಕ, ಪಡೆದದ್ದು, ಕೊಟ್ಟದ್ದು, ಅದಕ್ಕೆ ಪುರಾವೆ ಏನು. ಗೂಗಲ್ ಪೇಯಲ್ಲಿ ಹಾಕಿದ್ದು, ಕೈಯಲ್ಲಿ ಕೊಟ್ಟದ್ದು, ಅಡಿಕೆ ಕೊಟ್ಟು ವಜಾ ಮಾಡಿಸಿದ್ದು, ಎಲ್ಲ ಬರೆಯಿರಿ. ಪುರಾವೆ ಇಲ್ಲದ್ದನ್ನೂ ಬಿಡಬೇಡಿ, ಯಾರ ಎದುರು ಕೊಟ್ಟಿರಿ ಎಂದು ನಮೂದಿಸಿ. ಆಮೇಲೆ ದಾವಾಪತ್ರದ ಲೆಕ್ಕದ ಪಕ್ಕ ಇಟ್ಟು ನೋಡಿ. ಮುಖ್ಯವಾಗಿ ಗಮನಿಸಬೇಕಾದದ್ದು ಇವು.

ಕಾಲಮಿತಿ. ಕೈಸಾಲಕ್ಕೆ ಹಣ ಕೊಟ್ಟ ದಿನದಿಂದ, ಕೇಳಿದಾಗ ಕೊಡುತ್ತೇನೆಂಬ ಪ್ರೋನೋಟಿಗೆ ಬರೆದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. 2022ರ ಜೂನ್ 10ರ ಪ್ರೋನೋಟಿಗೆ 2025ರ ಜೂನ್ 10 ಕೊನೆಯ ದಿನ. ಅದು ಕೋರ್ಟಿಗೆ ರಜೆಯಾದರೆ ತೆರೆದ ದಿನ. ಎರಡು ವಿಷಯ ಈ ಎಣಿಕೆಯನ್ನು ಬದಲಿಸುತ್ತವೆ. ಮೂರು ವರ್ಷ ಮುಗಿಯುವ ಮೊದಲು ನೀವು ಬಾಕಿ ಇದೆ ಎಂದು ಬರೆದು ಸಹಿ ಮಾಡಿದ್ದರೆ, ಅಥವಾ ಸ್ವಲ್ಪ ಹಣ ಕೊಟ್ಟು ಅದನ್ನು ಪ್ರೋನೋಟಿನ ಹಿಂದೆ ಬರೆದು ಸಹಿ ಹಾಕಿದ್ದರೆ, ಅಲ್ಲಿಂದ ಹೊಸ ಮೂರು ವರ್ಷ ಶುರು. ಇನ್ನು, ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟು ಲೆಕ್ಕದಿಂದ ಬಿಡಿಸಿದೆ. ಹಳೆಯ ಸಾಲಕ್ಕೆ ಅವಧಿ ಮುಗಿದಿದೆ ಎಂದು ಹೇಳುವ ಮೊದಲು ಆ ದಿನಗಳನ್ನು ಕಳೆದು ನೋಡಿ. ಜಾಗ ಅಡವಿಟ್ಟು ಅದರ ಮೇಲೆಯೇ ವಸೂಲಿ ಮಾಡುವ ದಾವೆಗೆ ಕಾಲಮಿತಿ 12 ವರ್ಷ.

ಬಡ್ಡಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಎಂದರೆ ವರ್ಷಕ್ಕೆ 36 ಶೇಕಡಾ. 2 ಲಕ್ಷಕ್ಕೆ ಎರಡು ವರ್ಷಕ್ಕೆ 1,44,000 ರೂಪಾಯಿ. ಅದೇ 12 ಶೇಕಡಾ ಆದರೆ 48,000. ಕರಾರಿನಲ್ಲಿ ಬಡ್ಡಿ ಎಷ್ಟು ಬರೆದಿದೆ, ದಾವೆಯಲ್ಲಿ ಎಷ್ಟು ಕೇಳಿದ್ದಾರೆ, ಬಡ್ಡಿಯ ಮೇಲೆ ಬಡ್ಡಿ ಹಾಕಿದ್ದಾರೆಯೇ ನೋಡಿ. ಕೇರಳದಲ್ಲಿ ಬಡ್ಡಿ ವ್ಯವಹಾರ ನಡೆಸಲು 1958ರ ಮನಿ ಲೆಂಡರ್ಸ್ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ಬಡ್ಡಿಗೂ ಮಿತಿ ಇದೆ. ವಿಪರೀತ ಬಡ್ಡಿ ತೆಗೆದುಕೊಳ್ಳುವುದನ್ನು ತಡೆಯಲು 2012ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಆದರೆ ಸ್ನೇಹಿತರೊಬ್ಬರು ಒಮ್ಮೆ ಕೊಟ್ಟ ಕೈಸಾಲ ಬಡ್ಡಿ ವ್ಯಾಪಾರವಾಗುವುದಿಲ್ಲ. ಹಲವರಿಗೆ ಹಾಗೆ ಕೊಡುತ್ತಾರೆ ಎಂದು ತೋರಿಸಬೇಕಾಗುತ್ತದೆ.

ಖಾಲಿ ಚೆಕ್ಕು, ಖಾಲಿ ಪ್ರೋನೋಟು. "ಸಹಿ ಮಾತ್ರ ನನ್ನದು, ಬರೆದದ್ದೆಲ್ಲ ಅವರು" ಎಂಬ ಒಂದೇ ಮಾತಿನಿಂದ ಪಾರಾಗಬಹುದು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ತಪ್ಪು ತಿಳುವಳಿಕೆ. ನೀವಾಗಿಯೇ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಕಾನೂನಿನ ಪೂರ್ವಭಾವನೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಪೂರ್ವಭಾವನೆ ಎಂದರೆ, ಸಹಿ ನಿಮ್ಮದು ಎಂದಾದರೆ ಹಣ ಪಡೆದಿದ್ದೀರಿ ಎಂದು ಕೋರ್ಟು ಮೊದಲಿಗೆ ಭಾವಿಸುತ್ತದೆ; ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಚೆಕ್ಕು ಯಾವಾಗ, ಯಾವ ವ್ಯವಹಾರಕ್ಕೆ, ಎಷ್ಟು ಸಾಲಕ್ಕೆ ಭದ್ರತೆಯಾಗಿ ಕೊಟ್ಟದ್ದು, ಅದೇ ಚೆಕ್ ಪುಸ್ತಕದ ಹಿಂದಿನ ಮುಂದಿನ ಹಾಳೆಗಳು ಯಾವ ವರ್ಷ ಬಳಕೆಯಾಗಿವೆ, ಅಷ್ಟು ದೊಡ್ಡ ಮೊತ್ತ ಕೊಡುವಷ್ಟು ಹಣ ಅವರ ಬಳಿ ಇತ್ತೇ ಎಂಬ ವಿವರಗಳಿಂದ ಮಾತ್ರ ಆ ಹೊರೆ ಇಳಿಯುತ್ತದೆ.

ಜಾಮೀನು ಮತ್ತು ವಾರಸು. ಪರಿಚಯದವರಿಗೆ ಜಾಮೀನು ಸಹಿ ಹಾಕಿದವರನ್ನು ಸಾಲಗಾರರಷ್ಟೇ ಹೊಣೆ ಮಾಡಬಹುದು. ಮೊದಲು ಸಾಲಗಾರರಿಂದ ವಸೂಲಿ ಮಾಡಿ ಬನ್ನಿ ಎಂದರೆ ಕೋರ್ಟು ಕೇಳುವುದಿಲ್ಲ. ತೀರಿಹೋದ ತಂದೆಯ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸ್ವಂತ ಸಂಪಾದನೆಗೆ ಅದು ತಾಗುವುದಿಲ್ಲ ಎಂದು ಪ್ರತಿವಾದ ಪತ್ರದಲ್ಲಿ ಬರೆಸಿ.

ಯಾವ ಊರಿನ ಕೋರ್ಟು. ಮಂಜೇಶ್ವರದವರ ಮೇಲೆ ಮಂಗಳೂರಿನಲ್ಲಿ ದಾವೆ ಹಾಕುವುದುಂಟು. ಹಣದ ವ್ಯವಹಾರ ಅಲ್ಲಿ ನಡೆದಿದ್ದರೆ ಅದು ಸರಿ. ರಾಜ್ಯ ಬೇರೆ ಎಂಬ ಕಾರಣಕ್ಕೆ ಹೋಗದೆ ಇರುವ ಹಾಗಿಲ್ಲ. ಅಲ್ಲಿನ ಡಿಕ್ರಿಯನ್ನು ಕಾಸರಗೋಡಿಗೆ ವರ್ಗಾಯಿಸಿ ಇಲ್ಲಿಯ ನಿಮ್ಮ ಜಾಗ ಜಪ್ತಿ ಮಾಡಬಹುದು. ಅಲ್ಲಿ ಏನೂ ನಡೆದೇ ಇಲ್ಲ ಎಂದಾದರೆ ವ್ಯಾಪ್ತಿಯ ಆಕ್ಷೇಪವನ್ನು ಶುರುವಿನಲ್ಲಿಯೇ ಎತ್ತಬೇಕು. ವಿವಾದಾಂಶಗಳು, ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು, ನಿಗದಿಯಾದ ಮೇಲೆ ಎತ್ತಿದರೆ ಪ್ರಯೋಜನವಿಲ್ಲ.

6. ಪ್ರತಿವಾದ ಪತ್ರ

"ದಾವೆಯಲ್ಲಿ ಹೇಳಿದ್ದೆಲ್ಲ ಸುಳ್ಳು" ಎಂದು ಒಂದೇ ವಾಕ್ಯದಲ್ಲಿ ಬರೆದರೆ ಅದು ನಿರಾಕರಣೆಯಲ್ಲ. ದಾವಾಪತ್ರದ ಯಾವ ಪ್ಯಾರಾವನ್ನು ನಿರ್ದಿಷ್ಟವಾಗಿ ಅಲ್ಲಗಳೆಯುವುದಿಲ್ಲವೋ ಅದನ್ನು ಒಪ್ಪಿಕೊಂಡಂತೆ ಎಂದು ಸಂಹಿತೆಯ 8ನೇ ಆದೇಶ ಹೇಳುತ್ತದೆ. "1 ಲಕ್ಷ ಪಡೆದದ್ದು ಹೌದು; 3 ಲಕ್ಷ ಪಡೆದಿಲ್ಲ. ಅದರಲ್ಲಿ 60,000 ರೂಪಾಯಿಯನ್ನು ಇಂತಿಂಥ ದಿನ ಬ್ಯಾಂಕ್ ಮೂಲಕ ಕೊಟ್ಟಿದ್ದೇನೆ" ಎಂಬ ಹಾಗೆ ಪ್ಯಾರಾವಾರು ಉತ್ತರ ಇರಲಿ. ನಿಜವಾಗಿ ಪಡೆದ ಹಣವನ್ನು ಪಡೆದೇ ಇಲ್ಲ ಎಂದು ಬರೆಯಬೇಡಿ. ಪಾಟಿ ಸವಾಲಿನಲ್ಲಿ (ಎದುರು ಪಕ್ಷದ ವಕೀಲರು ನಿಮಗೆ ಪ್ರಶ್ನೆ ಹಾಕುವಾಗ) ಅದು ಬಯಲಾದರೆ ನಿಮ್ಮ ನಿಜವಾದ ಮಾತುಗಳಿಗೂ ಬೆಲೆ ಇರುವುದಿಲ್ಲ. ವಾದಿಯಿಂದ ನಿಮಗೇ ಬರಬೇಕಾದ ಹಣವಿದ್ದರೆ ಅದನ್ನು ಇದೇ ದಾವೆಯಲ್ಲಿ ಕೇಳಬಹುದು, ಅದಕ್ಕೆ ಕೋರ್ಟ್ ಫೀ ಕಟ್ಟಬೇಕಾಗುತ್ತದೆ.

ದಾಖಲೆಗಳನ್ನು ಪ್ರತಿವಾದ ಪತ್ರದ ಜೊತೆಯಲ್ಲಿಯೇ ಕೊಡಬೇಕು. "ಆಮೇಲೆ ಕೊಟ್ಟರಾಯಿತು" ಎಂದರೆ ಕೋರ್ಟಿನ ಅನುಮತಿ ಬೇಕಾಗುತ್ತದೆ. ಕನ್ನಡದಲ್ಲಿರುವ ಕರಾರು, ಡೈರಿ, ರಶೀದಿಗೆ ಇಂಗ್ಲಿಷ್ ಅಥವಾ ಮಲಯಾಳ ಅನುವಾದ ಬೇಕು. ವಾಟ್ಸಾಪ್ ಸಂದೇಶದ ಪ್ರಿಂಟಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಸಂದೇಶ ಇರುವ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ.

ಈಗ ಗಡಿನಾಡಿನ ನಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಮಾಡಬೇಡಿ. ಪ್ರತಿವಾದ ಪತ್ರದ ಕೊನೆಯಲ್ಲಿ, ಮೇಲಿನದೆಲ್ಲ ನನಗೆ ತಿಳಿದಂತೆ ಸತ್ಯ ಎಂದು ನೀವೇ ದೃಢೀಕರಿಸುತ್ತೀರಿ. ಅದರಲ್ಲಿ ಏನಿದೆ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಸಾಕ್ಷಿಕಟ್ಟೆಯಲ್ಲಿ ತಬ್ಬಿಬ್ಬಾಗುವಿರಿ. ವಕೀಲರನ್ನು ಅಥವಾ ಅವರ ಗುಮಾಸ್ತರನ್ನು ಕೂರಿಸಿ ಪೂರ್ತಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಒಂದು ಸಾಲು ಸೇರಿಸಲು ಹೇಳಿ. ಹೀಗೆ ಕೇಳಲು ಸಂಕೋಚ ಬೇಡ. ಸಹಿ ಮಾಡಿದ ಪ್ರತಿಯ ನಕಲು ಮನೆಯಲ್ಲಿರಲಿ.

7. ಹಾಜರಾಗುವ ದಿನ

ಕೋರ್ಟು ಕೂರುವುದು ಸಾಮಾನ್ಯವಾಗಿ 11 ಗಂಟೆಗೆ. ನೀವು ಹತ್ತೂವರೆಗೆ ಅಲ್ಲಿರಿ. ಪೆರ್ಲ, ಪೈವಳಿಕೆ ಕಡೆಯಿಂದ ಬರುವವರು ಒಂದು ಬಸ್ಸು ತಪ್ಪಿದರೂ ತಲುಪುವ ಹಾಗೆ ಹೊರಡಿ. ಕೋರ್ಟ್ ಹಾಲಿನ ಹೊರಗೆ ಅಂದಿನ ಕೇಸುಗಳ ಪಟ್ಟಿ ಹಾಕಿರುತ್ತಾರೆ. ಅದರಲ್ಲಿ ನಿಮ್ಮ ನಂಬರು ನೋಡಿಕೊಳ್ಳಿ. ಕಾಣದಿದ್ದರೆ ಬೆಂಚ್ ಕ್ಲರ್ಕನ್ನು ಕೇಳಿ. ಫೋನ್ ಸೈಲೆಂಟ್ ಮಾಡಿ. ಒಳಗೆ ಫೋಟೋ ತೆಗೆಯುವುದು, ರೆಕಾರ್ಡ್ ಮಾಡುವುದು ಕೂಡದು.

ಹೆಸರು ಕರೆದಾಗ ಎದ್ದು ನಿಂತು ಮುಂದೆ ಹೋಗಿ. ವಕೀಲರಿದ್ದರೆ ಅವರು ಮಾತಾಡುತ್ತಾರೆ. ಇಲ್ಲದಿದ್ದರೆ ನೀವು ಹೇಳಬೇಕಾದ್ದು ಇಷ್ಟೇ: "ನಾನೇ ಪ್ರತಿವಾದಿ. ಸಮನ್ಸ್ ಇಂಥ ದಿನ ಸಿಕ್ಕಿದೆ. ವಕೀಲರನ್ನು ನೇಮಿಸಿ ಪ್ರತಿವಾದ ಪತ್ರ ಸಲ್ಲಿಸಲು ಸಮಯ ಬೇಕು." ಕನ್ನಡದಲ್ಲಿಯೇ ಹೇಳಬಹುದು. ನ್ಯಾಯಾಧೀಶರಿಗೆ ಕನ್ನಡ ಬಾರದಿದ್ದರೆ ಭಾಷೆ ಬರುವವರಿಂದ ತಿಳಿದುಕೊಳ್ಳುತ್ತಾರೆ. ಹರಕು ಮಲಯಾಳದಲ್ಲಿ ಹೇಳಲು ಹೋಗಿ ಅರ್ಥ ತಪ್ಪಿಸಿಕೊಳ್ಳುವುದಕ್ಕಿಂತ ಇದು ಮೇಲು.

ಮರ್ಯಾದೆಗೆಂದು "ಹೌದು ಸ್ವಾಮಿ, ಕೊಡಬೇಕಾದ್ದು ಉಂಟು, ಸ್ವಲ್ಪ ಸಮಯ ಕೊಡಿ" ಎಂದುಬಿಡುವವರಿದ್ದಾರೆ. ಕೋರ್ಟಿನಲ್ಲಿ ಒಪ್ಪಿಕೊಂಡ ಮಾತಿನ ಮೇಲೆಯೇ ವಿಚಾರಣೆಯಿಲ್ಲದೆ ಡಿಕ್ರಿ ಕೊಡಲು ಸಂಹಿತೆಯ 12ನೇ ಆದೇಶದಲ್ಲಿ ಅವಕಾಶವಿದೆ. ಲೆಕ್ಕ ನೋಡುವ ಮೊದಲು ಮೊತ್ತದ ಬಗ್ಗೆ ಏನೂ ಹೇಳಬೇಡಿ. ಎದುರು ಪಕ್ಷದವರು ವರಾಂಡದಲ್ಲಿ ಸಿಕ್ಕಿ "ನೀವು ಬರಬೇಕೆಂದೇ ಇಲ್ಲ, ನಾವು ಕೇಸು ತೆಗೆಯುತ್ತೇವೆ" ಎಂದರೂ ವಾಯಿದೆ ತಪ್ಪಿಸಬೇಡಿ. ಕೇಸು ಹಿಂತೆಗೆದುಕೊಂಡದ್ದು ಕೋರ್ಟಿನ ದಾಖಲೆಯಲ್ಲಿ ಬಂದ ಮೇಲೆ ನಂಬಿದರೆ ಸಾಕು.

ಹೊರಡುವ ಮೊದಲು ಮುಂದಿನ ವಾಯಿದೆ ಯಾವಾಗ, ಯಾವುದಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಸಂಜೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾಳೆ ನೋಡಿ.

8. ರಾಜಿಯ ಅವಕಾಶ

ಸಾಲ ಇದೆ, ಮೊತ್ತದಲ್ಲಿ ಮಾತ್ರ ತಕರಾರು ಎಂದಾದರೆ ಮಧ್ಯಸ್ಥಿಕೆ ಕೇಂದ್ರಕ್ಕೆ ಅಥವಾ ಲೋಕ ಅದಾಲತ್ತಿಗೆ ಕಳಿಸಲು ಕೇಳಿ. ಅದಾಲತ್ತಿನಲ್ಲಿ ಮುಗಿದರೆ ವಾದಿ ಕಟ್ಟಿದ ಕೋರ್ಟ್ ಫೀ ಹಿಂದೆ ಸಿಗುತ್ತದೆ. ಕೇರಳದಲ್ಲಿ ಅದು ಸಣ್ಣ ಮೊತ್ತವಲ್ಲವಾದ್ದರಿಂದ ಬಡ್ಡಿ ಬಿಡಿಸಲು ನಿಮಗೆ ಇದೊಂದು ಹಿಡಿತ. ಆದರೆ ಅದಾಲತ್ತಿನ ತೀರ್ಪಿಗೆ ಅಪೀಲು ಇಲ್ಲ. ತಿಂಗಳಿಗೆ 5,000 ಕೊಡಲು ಮಾತ್ರ ಸಾಧ್ಯವಿರುವವರು 10,000 ಎಂದು ಒಪ್ಪಿ ಬರಬಾರದು. ಒಂದು ಕಂತು ತಪ್ಪಿದರೆ ಪೂರ್ತಿ ಹಣ ಒಮ್ಮೆಲೇ ವಸೂಲಿ ಎಂಬ ಷರತ್ತು ಇದೆಯೇ ಎಂದು ಸಹಿಗೆ ಮೊದಲು ನೋಡಿ. ಮೂಲ ಪ್ರೋನೋಟು, ಚೆಕ್ಕು ಹಿಂದೆ ಕೊಡಬೇಕು, ಚೆಕ್ ಕೇಸು ಇದ್ದರೆ ಅದನ್ನೂ ಮುಗಿಸಬೇಕು ಎಂಬುದು ರಾಜಿ ಪತ್ರದಲ್ಲಿ ಇರಲೇಬೇಕು.

9. ಸಾಕ್ಷಿ ವಿಚಾರಣೆ

ರಾಜಿಯಾಗದಿದ್ದರೆ ಕೋರ್ಟು ವಿವಾದಾಂಶಗಳನ್ನು, ಅಂದರೆ ತೀರ್ಮಾನವಾಗಬೇಕಾದ ಪ್ರಶ್ನೆಗಳನ್ನು, ಬರೆದುಕೊಂಡು ವಿಚಾರಣೆಗೆ ಇಡುತ್ತದೆ. ನಿಮ್ಮ ಮುಖ್ಯ ಹೇಳಿಕೆ ಅಫಿಡವಿಟ್ ರೂಪದಲ್ಲಿ ಹೋಗುತ್ತದೆ. ಕಟ್ಟೆ ಹತ್ತುವುದು ಪಾಟಿ ಸವಾಲಿಗೆ. ವಾದಿಯ ದಾಖಲೆಗಳಿಗೆ ಎ1, ಎ2 ಎಂದೂ ನಿಮ್ಮವಕ್ಕೆ ಬಿ1, ಬಿ2 ಎಂದೂ ಗುರುತು ಬೀಳುತ್ತದೆ. ಯಾವುದು ಯಾವ ಕಾಗದ ಎಂದು ತಿಳಿದಿರಲಿ.

ಸಾಕ್ಷ್ಯವನ್ನು ಕನ್ನಡದಲ್ಲಿ ಹೇಳಲು ಕೇಳಿಕೊಳ್ಳಿ. ಬರೆದುಕೊಳ್ಳುವುದು ಇಂಗ್ಲಿಷ್ ಅಥವಾ ಮಲಯಾಳದಲ್ಲಾದರೆ, ಆ ಭಾಷೆ ನಿಮಗೆ ಬಾರದಿದ್ದರೆ, ಬರೆದದ್ದನ್ನು ನೀವು ಹೇಳಿದ ಭಾಷೆಯಲ್ಲಿ ನಿಮಗೆ ವಿವರಿಸಬೇಕು. ಸಂಹಿತೆಯ 18ನೇ ಆದೇಶದ 6ನೇ ನಿಯಮ ಇದನ್ನು ಹೇಳುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ಕೇಳಿ. ಪ್ರಶ್ನೆ ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ" ಎನ್ನಿ, ನೆನಪಿಲ್ಲದಿದ್ದರೆ "ನೆನಪಿಲ್ಲ" ಎನ್ನಿ. ಕೇಳಿದಷ್ಟಕ್ಕೆ ಉತ್ತರ ಸಾಕು.

10. ವಾಯಿದೆ ತಪ್ಪಿ ಏಕಪಕ್ಷೀಯವಾದರೆ

ಏಕಪಕ್ಷೀಯ ಎಂದರೆ ನೀವು ಬಾರದ ಕಾರಣ ವಾದಿಯ ಮಾತು ಮಾತ್ರ ಕೇಳಿ ಕೇಸು ಮುಂದುವರಿಸುವುದು. ಡಿಕ್ರಿ ಇನ್ನೂ ಆಗಿಲ್ಲದಿದ್ದರೆ ಮುಂದಿನ ವಾಯಿದೆಗೆ ಮೊದಲೇ, ಬಾರದಿದ್ದಕ್ಕೆ ಕಾರಣ ತೋರಿಸಿ ಅರ್ಜಿ ಹಾಕಿ (9ನೇ ಆದೇಶ, 7ನೇ ನಿಯಮ). ಡಿಕ್ರಿಯೇ ಆಗಿಹೋಗಿದ್ದರೆ ಅದರ ದಿನದಿಂದ 30 ದಿನದೊಳಗೆ, ಡಿಕ್ರಿ ರದ್ದು ಮಾಡಲು ಕೇಳುವ 13ನೇ ನಿಯಮದ ಅರ್ಜಿ. ಸಮನ್ಸ್ ಸರಿಯಾಗಿ ಜಾರಿಯಾಗಿಯೇ ಇರಲಿಲ್ಲವಾದರೆ ಡಿಕ್ರಿಯ ವಿಷಯ ನಿಮಗೆ ಗೊತ್ತಾದ ದಿನದಿಂದ 30 ದಿನ. ಆಸ್ಪತ್ರೆಯಲ್ಲಿದ್ದಿರಿ ಎಂದಾದರೆ ಡಿಸ್ಚಾರ್ಜ್ ಕಾರ್ಡು, ವಿದೇಶದಲ್ಲಿದ್ದಿರಿ ಎಂದಾದರೆ ಪಾಸ್‌ಪೋರ್ಟಿನ ಮುದ್ರೆ ಜೊತೆಗಿರಲಿ. ಬರೇ "ಗೊತ್ತಾಗಲಿಲ್ಲ" ಎಂದರೆ ನಡೆಯುವುದಿಲ್ಲ. ಕೋರ್ಟು ಸ್ವಲ್ಪ ಹಣ ಠೇವಣಿ ಇಡಲು ಹೇಳಬಹುದು, ಅದಕ್ಕೆ ತಯಾರಾಗಿ ಹೋಗಿ.

11. ಡಿಕ್ರಿಯಾದ ಮೇಲೆ

ಡಿಕ್ರಿಯನ್ನು ಜಾರಿ ಮಾಡಲು ವಾದಿಗೆ 12 ವರ್ಷ ಇದೆ. ಕಂತಿನಲ್ಲಿ ಕಟ್ಟುವುದಿದ್ದರೆ ತೀರ್ಪಿಗೆ ಮೊದಲೇ ಕೇಳಿಕೊಳ್ಳುವುದು ಸುಲಭ. ಆಮೇಲೆ ಕೇಳಿದರೆ ಡಿಕ್ರಿದಾರರ ಒಪ್ಪಿಗೆ ಬೇಕು, ಅರ್ಜಿಯೂ 30 ದಿನದೊಳಗೆ ಬರಬೇಕು. ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯೇ ಕೇಳಬೇಕು.

ಇ.ಪಿ. ನಂಬರಿನ ನೋಟಿಸ್ ಬಂದರೆ ಅದು ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯ ಹಣ ವಸೂಲಿ ಮಾಡಿಸಲು ಹಾಕಿದ್ದು. ಇದಕ್ಕೂ ಹಾಜರಾಗಲೇಬೇಕು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. 25,000 ಸಂಬಳವಾದರೆ ತಿಂಗಳಿಗೆ ಹಿಡಿಯಬಹುದಾದದ್ದು 8,000. ಕೂಲಿಯವರ ವೇತನ, ಅಡಿಗೆ ಪಾತ್ರೆ, ಹಾಸಿಗೆ, ಬಟ್ಟೆ, ಕುಶಲಕರ್ಮಿಗಳ ಸಲಕರಣೆ, ಕೃಷಿಕರ ಕೃಷಿ ಉಪಕರಣ ಮತ್ತು ಅವರು ವಾಸವಿರುವ ಮನೆ ಜಪ್ತಿಗೆ ಒಳಪಡುವುದಿಲ್ಲ. ಆದರೆ ನಾನು ಕೃಷಿಕ ಎಂಬುದನ್ನು ಕೋರ್ಟಿಗೆ ಬಂದು ನೀವೇ ತೋರಿಸಬೇಕು.

ಸೆರೆಮನೆಯ ಭಯವೇ ಅನೇಕರ ನಿದ್ದೆಗೆಡಿಸುತ್ತದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರಿಗಾದರೂ ಮೊದಲು ಕಾರಣ ಕೇಳುವ ನೋಟಿಸ್ ಕೊಡುತ್ತಾರೆ. ಕೊಚ್ಚಿಯ ಬ್ಯಾಂಕೊಂದರ ಪ್ರಕರಣದಲ್ಲಿ 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಕೊಡಲು ಗತಿಯಿಲ್ಲದ್ದು ಮಾತ್ರ ಸೆರೆಗೆ ಕಾರಣವಾಗಬಾರದು, ಕೊಡಲು ಶಕ್ತಿಯಿದ್ದೂ ಕೊಡದ ದುರುದ್ದೇಶ ತೋರಬೇಕು ಎಂದು ತೀರ್ಪಿತ್ತಿದೆ. ನಿಮ್ಮ ಆದಾಯ, ಮನೆ ಖರ್ಚು, ಕಾಯಿಲೆಯ ದಾಖಲೆಗಳನ್ನು ಆ ನೋಟಿಸಿನ ವಾಯಿದೆಗೆ ಒಯ್ಯಿರಿ.

ಹಣ ಕೊಡುವಾಗ ಕೋರ್ಟಿನಲ್ಲಿ ಕಟ್ಟಿ, ಇಲ್ಲವೇ ಬ್ಯಾಂಕಿನ ಮೂಲಕ ಕೊಡಿ. ಡಿಕ್ರಿಯ ನಂತರ ಹೊರಗೆ ಕೈಗೆ ಕೊಟ್ಟು ಸುಮ್ಮನಾದರೆ, ಅದು ಕೋರ್ಟಿನಲ್ಲಿ ದಾಖಲಾಗದ ಹೊರತು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೇ ಸಲ ಕೊಡಬೇಕಾದೀತು. ವಾದಿ ದಾಖಲಿಸದಿದ್ದರೆ ಕೊಟ್ಟ 30 ದಿನದೊಳಗೆ ನೀವೇ ಅರ್ಜಿ ಹಾಕಿ. ಪೂರ್ತಿ ತೀರಿದ ಮೇಲೆ, ಸಂದಾಯ ಪೂರ್ಣ ಎಂಬ ಆದೇಶದ ದೃಢೀಕೃತ ಪ್ರತಿ ತೆಗೆಯಿರಿ. ಜಾಗ ಜಪ್ತಿಯಾಗಿದ್ದರೆ ತೆರವಿನ ಆದೇಶ ಸಬ್ ರಿಜಿಸ್ಟ್ರಾರ್ ಕಚೇರಿಗೂ ವಿಲ್ಲೇಜ್ ಆಫೀಸಿಗೂ ಹೋಗಿದೆಯೇ ನೋಡಿ. ಆಮೇಲೆ ಹೊಸ ಋಣಭಾರ ಪತ್ರ ತೆಗೆದು, ಜಪ್ತಿಯ ನಮೂದು ಹೋಗಿದೆ ಎಂದು ಕಣ್ಣಾರೆ ಕಂಡುಕೊಳ್ಳಿ.